ತಪ್ಪಿ ಗೆದ್ದ ಅಧ್ಯಕ್ಷೆ

"ಹಲೋ! ಒಳಗೆ ಯಾರಾದ್ರೂ ಇದೀರಾ? ಬಾಗಿಲು ತೆಗೀರಿ!"

ಗಾಜಿನ ಬಾಗಿಲನ್ನು ಭೂಮಿ ಎರಡೂ ಕೈಯಿಂದ ತಳ್ಳಿದಳು. ಅಲುಗಲಿಲ್ಲ. ಉದ್ದನೆಯ ಸ್ಟೀಲ್ ಹಿಡಿಯನ್ನು ಹಿಡಿದು ಎಳೆದಳು. ಊಹೂಂ! ಹೆಗಲು ಕೊಟ್ಟು ನೂಕಿದಳು. ಬ್ಯಾಗು ಜಾರಿ ಕೆಳಗೆ ಬಿತ್ತು, ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಕೋಯಮತ್ತೂರಿನ ಪೀಳಮೇಡಿನಲ್ಲಿ ಪಂಪ್‌ಸೆಟ್ ಅಂಗಡಿಯೊಂದರ ಮೇಲ್ಮಹಡಿ ಅದು. ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಬೆವರು ಆಗಲೇ ಕುತ್ತಿಗೆಯಿಂದ ಇಳಿಯುತ್ತಿತ್ತು.

ಆದರೆ ಅವಳ ರಕ್ತ ಕುದಿಸಿದ್ದು ಬಾಗಿಲಲ್ಲ... ಬಾಗಿಲಿನ ಆಚೆ ಕುಳಿತಿದ್ದ ಮನುಷ್ಯ!

ಉದ್ದಕ್ಕೆ, ತೆಳ್ಳಗೆ, ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆರಾಮಾಗಿ ಕೂತಿದ್ದ. ಅವಳನ್ನೇ ನೋಡುತ್ತಿದ್ದ. ಎದ್ದು ಬಂದು ಬಾಗಿಲು ತೆಗೆಯುವುದಿರಲಿ, ತೊಡೆಯ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದ! ಇನ್ನೊಂದು ಕೈಯಲ್ಲಿ ಸ್ಟಾಪ್‌ವಾಚ್.

ಕೊನೆಗೆ ಸಿಟ್ಟಿನಲ್ಲಿ ಅವಳು ಬಾಗಿಲನ್ನು ಪಕ್ಕಕ್ಕೆ ಗುದ್ದಿದಾಗ ಅದು ಸುಯ್ಯನೆ ಜಾರಿ ತೆರೆದುಕೊಂಡಿತು. ಪಕ್ಕಕ್ಕೆ ಸರಿಯುವ ಬಾಗಿಲು!

"ಒಂದು ನಿಮಿಷ ನಲವತ್ತೆಂಟು ಸೆಕೆಂಡ್," ಎಂದ ಆತ ಇಂಗ್ಲಿಷಿನಲ್ಲಿ, ಬಹಳ ಸಂತೋಷದಿಂದ. "ಇವತ್ತಿನ ರೆಕಾರ್ಡ್!"

"ಗೂಬೆ!" ಎಂದು ಭೂಮಿ ಹಲ್ಲು ಕಚ್ಚಿ ಗೊಣಗಿದಳು. "ಕಣ್ಣು ಪಿಳಿಪಿಳಿ ಬಿಟ್ಕೊಂಡು ನೋಡ್ತಾ ಕೂತಿದೆ ನೋಡು, ಗೂಬೆ!"

ಆತ ಅದನ್ನೂ ಬರೆದುಕೊಂಡ. ಆಮೇಲೆ ತಲೆಯೆತ್ತಿ ಕೇಳಿದ.

"ಗೂಬೆ... ನಮ್ಮ ಮನೇಲಿ ಗೂಗೆ ಅಂತ ಹೇಳ್ತೀವಿಂಗ. ರೆಂಡೂ ಒಂದೇ ತಾನೇಂಗ?"

ಭೂಮಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನೀವು... ಕನ್ನಡದವರಾ?"

"ಆಮಾಂಗ, ಹೌದು. ಸಾರಿಂಗ, ಸಹಾಯ ಮಾಡಿದ್ರೆ ಟೆಸ್ಟ್ ಕೆಟ್ಟೋಗುತ್ತೆ. ಈ ಬಾಗಿಲು ಬದಲಾಯಿಸಿ ಅಂತ ಬಿಲ್ಡಿಂಗ್ ಓನರ್ ಹತ್ತಿರ ಎರಡು ವರ್ಷದಿಂದ ಕೇಳ್ತಾ ಇದ್ದೀವಿ. ನಂಬ್ತಾ ಇಲ್ಲ. ಇಷ್ಟು ಜನ ಒದ್ದಾಡಿದ್ರು ಅಂತ ತೋರಿಸಬೇಕಲ್ಲ?" ಎದ್ದು ನಿಂತು ಕೈ ಮುಗಿದ. "ಶಿವಲಿಂಗಂ. ಸಂಘದ ಸೆಕ್ರೆಟ್ರಿ."

ಸಂಘ ಎಂದರೆ ಯೂಸಬಿಲಿಟಿ ಸಂಘ. ಆಸ್ಪತ್ರೆಯ ಟೋಕನ್ ಯಂತ್ರ, ಬ್ಯಾಂಕಿನ ಪರದೆ, ಮೊಬೈಲ್ ಆ್ಯಪ್... ಜನ ಬಳಸುವ ವಸ್ತು ಜನರಿಗೆ ಅರ್ಥವಾಗುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವುದೇ ಇವರ ಉದ್ಯೋಗ. ಕೋಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆ ಸೇರಿ ನಲವತ್ತೊಂದು ಮಂದಿ. ಅವತ್ತು ಭೂಮಿ ನಲವತ್ತೆರಡನೆಯವಳಾಗಿ ಸೇರಿದಳು.

ರಾಣೆಬೆನ್ನೂರಿನ ಹುಡುಗಿ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹಾಜರಿ ಆ್ಯಪ್ ಮಾಡುವ ಕಂಪನಿಯಲ್ಲಿ ಕೆಲಸ. ಆಫೀಸಿನಲ್ಲಿ ತಮಿಳು, ಹಾಸ್ಟೆಲಿನಲ್ಲಿ ಮಲಯಾಳ; ಕನ್ನಡ ಎಂದರೆ ದಿನಕ್ಕೊಮ್ಮೆ ಫೋನಿನಲ್ಲಿ ಅಮ್ಮ ಲೀಲಮ್ಮ ಮಾತ್ರ. ಎರಡು ವರ್ಷದಲ್ಲಿ ಮುಖಾಮುಖಿ ಕನ್ನಡ ಮಾತಾಡಿದ ಮೊದಲ ಪ್ರಾಣಿ ಈ ಗೂಬೆ!

ಶಿವಲಿಂಗಂನ ಮನೆತನ ಸಿರುಮುಗೈಯ ನೇಕಾರರದು. ಯಾವ ಕಾಲದಲ್ಲೋ ಕರ್ನಾಟಕದಿಂದ ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ಹೀಗಾಗಿ ನಾವು 'ರೀ' ಅನ್ನುವ ಕಡೆಯಲ್ಲೆಲ್ಲ ಅವನ ಮಾತಿನ ಬಾಲಕ್ಕೆ ತಮಿಳಿನ 'ಇಂಗ'. ಅವನಿಗೆ ಕನ್ನಡ ಓದಲು ಬಾರದು. ಮೂವತ್ತೊಂದು ವರ್ಷದವನಿಗೆ ಮುತ್ತಾತನ ಹೆಸರು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಯಾವ ಬಟನ್ ಎಲ್ಲಿರಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ.

ಎಂಟು ತಿಂಗಳಲ್ಲಿ ಭೂಮಿ ಸಂಘದ ಕಾರ್ಯಕ್ರಮಗಳ ಸಂಚಾಲಕಿಯಾದಳು. ಅಂದಿನಿಂದ ಸಂಚಾಲಕಿಗೂ ಕಾರ್ಯದರ್ಶಿಗೂ ಪ್ರತಿ ಎರಡನೇ ಶನಿವಾರ ಯುದ್ಧ!

"ಅಭಿಪ್ರಾಯದ ಫಾರ್ಮಿನಲ್ಲಿ ಐದು ನಗುಮುಖ ಇರಲೇಬೇಕು ಕಣ್ರೀ!"

"ಮೂರು ಸಾಕುಂಗ. ಮನುಷ್ಯ ಒಂದು ಸಮೋಸಾ ತಿಂದು ಐದು ತರ ನಗಾದಿಲ್ಲ."

ಈ ಜಗಳ ಮುಕ್ಕಾಲು ಗಂಟೆ ನಡೆಯಿತು. ಸಂಘದ ಸ್ಥಾಪಕ ಅಧ್ಯಕ್ಷ ರಾಮಮೂರ್ತಿಗಳು, ನಿವೃತ್ತ ಪ್ರೊಫೆಸರ್, ಮೈಸೂರು ಕಡೆಯವರು, ಇಬ್ಬರ ನಡುವೆ ಕೂತು ಸಮೋಸಾ ಮುಗಿಸಿದರು. ಕೊನೆಗೆ ನಾಲ್ಕು ನಗುಮುಖಕ್ಕೆ ರಾಜಿಯಾಯಿತು. ಇಬ್ಬರಿಗೂ ಸಮಾಧಾನವಿಲ್ಲ.

*ಎಂಥ ಮೊಂಡ ಮನುಷ್ಯ ಇವನು!* ಎಂದು ಹಾಸ್ಟೆಲಿಗೆ ಹೋಗುವ ಬಸ್ಸಿನುದ್ದಕ್ಕೂ ಯೋಚಿಸುತ್ತಿದ್ದಳು. ಮೊಂಡನ ಬಗ್ಗೆ ಇಷ್ಟು ಹೊತ್ತು ಯಾಕೆ ಯೋಚಿಸುತ್ತಿದ್ದೇನೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಆಮೇಲೆ ವಾಲ್ಪಾರೈಗೆ ಹೋಗುವುದು ಬಂತು.

ಅಲ್ಲಿನ ಒಂದು ಚಹಾ ತೋಟಕ್ಕೆ ಎಲೆ ತೂಗುವ ಹೊಸ ಯಂತ್ರ ಬಂದಿತ್ತು. ಅದನ್ನು ಪರೀಕ್ಷಿಸಲು ಸಂಘದಿಂದ ಇವರಿಬ್ಬರು. ಘಾಟಿಯಲ್ಲಿ ನಲವತ್ತು ತಿರುವು. ಒಂಬತ್ತನೇ ತಿರುವಿಗೇ ಭೂಮಿಯ ಮುಖ ಬಿಳಿಚಿಕೊಂಡಿತು.

"ಇನ್ನೆಷ್ಟು ತಿರುವು ರೀ?"

"ಸ್ವಲ್ಪ ತಾನೇಂಗ," ಎಂದು ಶಿವಲಿಂಗಂ ಜೇಬಿನಿಂದ ನಿಂಬೆಹಣ್ಣು ತೆಗೆದು ಕೊಟ್ಟ. "ಮೂಸಿ ನೋಡ್ತಾ ಇರಿ. ಬಂದೇ ಬಿಡ್ತು."

ಇನ್ನೂ ಮೂವತ್ತೊಂದು ಬಾಕಿ ಇದ್ದವು. ಪ್ರತಿ ತಿರುವಿಗೂ ಅವಳು ಕೇಳಿದಳು, ಪ್ರತಿ ಸಲವೂ ಅವನು 'ಬಂದೇ ಬಿಡ್ತು' ಅಂದ. ಬಸ್ಸಿಳಿದ ಮೇಲೆ ಅವಳು ಆ ನಿಂಬೆಹಣ್ಣನ್ನೇ ಅವನ ಮೇಲೆ ಎಸೆದಳು.

ತೋಟದಲ್ಲಿ ಎಲೆ ಕೊಯ್ಯುವ ಹೆಂಗಸರು ಸಾಲಾಗಿ ನಿಂತಿದ್ದರು. ಯಂತ್ರದ ಪರದೆಯನ್ನು ಬೆರಳಿನಿಂದ ಮುಟ್ಟಬೇಕು. ಮಂಜಿನಲ್ಲಿ ಕೊಯ್ದು ಬಂದವರ ಕೈಯೆಲ್ಲ ಒದ್ದೆ, ಬೆರಳು ಒರಟು. ಯಂತ್ರಕ್ಕೆ ಬೆರಳು ಗೊತ್ತೇ ಆಗುತ್ತಿರಲಿಲ್ಲ. ಸೆಲ್ಲಮ್ಮ ಎನ್ನುವ ಮುದುಕಿ ಬೆರಳು ಒತ್ತಿದಳು, ಮೊಣಕೈ ಒತ್ತಿದಳು... ಕೊನೆಗೆ ಬಗ್ಗಿ ಮೂಗಿನಿಂದ ಒತ್ತಿದಳು. ಟಿಣ್ ಎಂದಿತು!

"ಇವರಿಗೆ ಟ್ರೈನಿಂಗ್ ಕೊಡಬೇಕು," ಎಂದು ಯಂತ್ರ ಮಾರಿದವನು ನಕ್ಕ.

ಶಿವಲಿಂಗಂ ನಗಲಿಲ್ಲ. ಸೆಲ್ಲಮ್ಮನ ಪಕ್ಕ ಮೊಣಕಾಲೂರಿ ಕುಳಿತು, ಆಕೆಯ ಎಲೆ ಚೀಲವನ್ನು ತಾನು ಹಿಡಿದುಕೊಂಡು ಅವನತ್ತ ತಿರುಗಿದ.

"ಮೂವತ್ತು ವರ್ಷ ಇವರು ಕೈಯಿಂದ ಕೆಲಸ ಮಾಡಿದ್ದಾರೆ ಸಾರ್. ಇವರ ಕೈ ಹೇಗಿರುತ್ತೆ ಅಂತ ಕಲಿಯಬೇಕಾಗಿರೋದು ನಿಮ್ಮ ಯಂತ್ರ."

ಭೂಮಿ ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಅವಳ ಕೈ ತಾನಾಗಿಯೇ ಆ ನಿಂಬೆಹಣ್ಣಿಗಾಗಿ ತಡಕಾಡಿತು. ಘಾಟಿ ಮುಗಿದು ಎರಡು ಗಂಟೆಯಾಗಿತ್ತು... ಹಾಗಾದರೆ ಇದೇನು?

*ಅಯ್ಯೋ ದೇವರೇ! ಇವನೇನಾ? ಈ ಮೂರು ನಗುಮುಖದವನೇನಾ?*

ಅವಳಿಗೆ ಗೊತ್ತಿರಲಿಲ್ಲ, ನಿಂಬೆಹಣ್ಣಿನ ಏಟು ಬಿದ್ದ ಕ್ಷಣದಿಂದ ಅವನ ಸ್ಥಿತಿಯೂ ಅದೇ ಆಗಿತ್ತು.

ಇಬ್ಬರೂ ಮನಸ್ಸಿನ ಮಾತನ್ನು ನಾಳೆ ನಾಳೆ ಎಂದು ಮುಂದೂಡುತ್ತಾ ಬಂದರು. ಅಷ್ಟರಲ್ಲಿ ಚುನಾವಣೆ ಬಂತು.

"ಆರು ವರ್ಷ ನಾನೇ ಅಧ್ಯಕ್ಷ. ಸಾಕಪ್ಪ!" ಎಂದು ರಾಮಮೂರ್ತಿಗಳು ಘೋಷಿಸಿದರು. "ಈ ಸಲ ಸಣ್ಣವರು ನಿಲ್ಲಲಿ." ನಿಂತವರು ಇಬ್ಬರೇ: ಭೂಮಿ ಮತ್ತು ಶಿವಲಿಂಗಂ.

ಮತದಾನ ಮೊಬೈಲಿನಲ್ಲಿ. ಫಾರ್ಮ್ ಮಾಡುವುದು ಕಾರ್ಯದರ್ಶಿಯ ಕೆಲಸ. ಆ ವಾರ ಶಿವಲಿಂಗಂಗೆ ಆಫೀಸಿನಲ್ಲಿ ಉಸಿರಾಡಲೂ ಬಿಡುವಿರಲಿಲ್ಲ. ಕಾಲೇಜು ಕಾಲೇಜಿಗೆ ಹೋಗಿ 'ಜನರ ಮೇಲೆ ಪರೀಕ್ಷಿಸದೆ ಏನನ್ನೂ ಹೊರಗೆ ಬಿಡಬೇಡಿ' ಎಂದು ಭಾಷಣ ಮಾಡುವವನು, ಹತ್ತು ನಿಮಿಷದಲ್ಲಿ ಫಾರ್ಮ್ ಮಾಡಿ, ಯಾರ ಮೇಲೂ ಪರೀಕ್ಷಿಸದೆ, ನಲವತ್ತೆರಡು ಜನರಿಗೂ ಕಳಿಸಿಬಿಟ್ಟ.

ಫಲಿತಾಂಶ ಗೋಡೆಯ ಪರದೆಯ ಮೇಲೆ ಬಂತು. ಭೂಮಿ: ಇಪ್ಪತ್ತೇಳು. ಶಿವಲಿಂಗಂ: ಹದಿನೈದು.

ಚಪ್ಪಾಳೆ! ಭೂಮಿ ಫೋನ್ ಹಿಡಿದುಕೊಂಡು ಹೊರಗೋಡಿದಳು, ಅಮ್ಮನಿಗೆ ಹೇಳಲು.

ಒಳಗೆ ಒಬ್ಬೊಬ್ಬರೇ ಬಂದು ಶಿವಲಿಂಗಂನ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡಿ, ನಾನು ನಿಮಗೇ ಹಾಕಿದ್ದು." "ನಾನೂ ನಿಮಗೇ." "ನನ್ನ ಮತ ನಿಮಗೇ ಸಾರ್." ಅವನು ಸುಮ್ಮನೆ ಎಣಿಸುತ್ತಾ ಹೋದ. ಇಪ್ಪತ್ತೊಂದು ಜನ! ಹದಿನೈದು ಮತ ಬಿದ್ದವನಿಗೆ ಇಪ್ಪತ್ತೊಂದು ಜನ ಹಾಗನ್ನುವುದು ರಾಜಕೀಯದಲ್ಲಿ ಮಾಮೂಲು. ಆದರೆ ಇವರು ಸುಳ್ಳು ಹೇಳುವ ಮುಖದವರಲ್ಲವಲ್ಲ...

ಅವನು ಮೊಬೈಲಿನಲ್ಲಿ ಫಾರ್ಮ್ ತೆರೆದು ನೋಡಿದ. ಎದೆ ಧಸಕ್ಕೆಂದಿತು.

ಒತ್ತಬೇಕಾದ ಬಟನ್ ಪ್ರತಿ ಹೆಸರಿನ ಮೇಲುಗಡೆ ಇತ್ತು. ಮೊದಲನೆಯ ಬಟನ್, ಅಂದರೆ ಅವನದು, ತಲೆಬರಹಕ್ಕೆ ಅಂಟಿಕೊಂಡು ಅಲಂಕಾರದ ಹಾಗೆ ಕಾಣುತ್ತಿತ್ತು. ಭೂಮಿಯ ಬಟನ್, ಶಿವಲಿಂಗಂ ಎಂಬ ಹೆಸರಿನ ಕೆಳಗೇ ಕೂತಿತ್ತು. ಅವನಿಗೆ ಹಾಕಬೇಕೆಂದವರು ಅವನ ಹೆಸರಿನ ಕೆಳಗಿನ ಬಟನ್ ಒತ್ತಿ ಅವಳನ್ನು ಗೆಲ್ಲಿಸಿದ್ದರು!

*ಹೇಳಿಬಿಡಬೇಕು. ಈಗಲೇ.*

ಮೆಟ್ಟಿಲಿಗೆ ಓಡಿ ಬಂದ. ಭೂಮಿ ಅಲ್ಲೇ ಕುಳಿತು ಅಳುತ್ತಿದ್ದಳು.

"ಏನಾಯ್ತುಂಗ?"

"ಖುಷಿಗೆ ಕಣ್ರೀ." ಕಣ್ಣೊರೆಸಿಕೊಂಡು ನಕ್ಕಳು. "ನಿಮಗೆ ಗೊತ್ತಿಲ್ಲ... ನನ್ನನ್ನ ಯಾರೂ ಯಾವತ್ತೂ ಆರಿಸಿಕೊಂಡೇ ಇಲ್ಲ. ಶಾಲೇಲಿ ಖೋಖೋ ಟೀಮ್ ಮಾಡುವಾಗ ಕೊನೇಗೆ ಉಳಿಯೋಳು ನಾನೇ. ಹೆಣ್ಣು ನೋಡೋಕೆ ಮೂರು ಮನೆಯವರು ಬಂದ್ರು. 'ಆಮೇಲೆ ತಿಳಿಸ್ತೀವಿ' ಅಂದ್ರು. ಇನ್ನೂ ತಿಳಿಸ್ತಾನೇ ಇದಾರೆ! ಇವತ್ತು ನೋಡಿ... ಇಪ್ಪತ್ತೇಳು ಜನ! ನನ್ನನ್ನ ಬೇಕು ಅಂತ ಆರಿಸಿದ್ದಾರೆ ಶಿವಲಿಂಗಂ!"

ಬಾಯಿಯವರೆಗೆ ಬಂದ ಮಾತನ್ನು ಅವನು ನುಂಗಿಕೊಂಡ.

"ಕಂಗ್ರಾಟ್ಸ್‌ಂಗ," ಅಂದ.

ಎರಡು ತಿಂಗಳು ಭೂಮಿ ಅಧ್ಯಕ್ಷತೆಯನ್ನು ಭರ್ಜರಿಯಾಗಿ ನಡೆಸಿದಳು. ಒಂದು ಸೋಮವಾರ ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಊಟ ಮಾಡುತ್ತಾ, ಸಂಘದ ಸದಸ್ಯೆಯೂ ಸಹೋದ್ಯೋಗಿಯೂ ಆದ ಸರಣ್ಯಾ ತಮಿಳಿನಲ್ಲಿ ಅಂದಳು:

"ಅಕ್ಕಾ, ಈಗ ಹೇಳಿದ್ರೆ ಕೋಪ ಮಾಡ್ಕೋಬಾರದು. ಆವತ್ತು ನಾನು ಶಿವಲಿಂಗಂ ಸಾರ್‌ಗೆ ಹಾಕೋಕೆ ಹೋಗಿ, ಗೊತ್ತಿಲ್ಲದೆ ನಿಮಗೆ ಹಾಕಿಬಿಟ್ಟೆ. ಆ ಬಟನ್ನೇ ಹಾಗಿತ್ತು! ಆದ್ರೂ ಒಳ್ಳೇದೇ ಆಯ್ತು ಬಿಡಿ."

ಭೂಮಿಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಹಳೆಯ ಫಾರ್ಮ್ ಹುಡುಕಿ ತೆರೆದಳು. ಅವಳೂ ಅದೇ ಕಸುಬಿನವಳು. ಒಂದು ನೋಟ ಸಾಕಾಯಿತು.

ಸಂಜೆ ಐದಕ್ಕೆ ಪೀಳಮೇಡಿನ ಬೇಕರಿಯ ಮುಂದೆ ಶಿವಲಿಂಗಂನನ್ನು ನಿಲ್ಲಿಸಿ ಕೇಳಿದಳು.

"ನಿಮಗೆ ಯಾವಾಗಿಂದ ಗೊತ್ತು?"

ಅವನು ಟೀ ಲೋಟವನ್ನು ಕೆಳಗಿಟ್ಟ. "...ಮೊದಲನೇ ದಿನದಿಂದಂಗ."

"ಮೊದಲನೇ ದಿನ! ಎರಡು ತಿಂಗಳು ನಾನು ಅಧ್ಯಕ್ಷೆ ಅಂತ ಕುರ್ಚಿ ಮೇಲೆ ಮೆರೀತಾ ಇದ್ದೆ, ನೀವು ಪಕ್ಕದಲ್ಲಿ ಕೂತು ಮನಸ್ಸಲ್ಲೇ ನಗ್ತಾ ಇದ್ರಿ!"

"ಇಲ್ಲೀಂಗ! ನೀವು ಅಳ್ತಾ ಇದ್ರಿ... ಮೂರು ಮನೆಯವರು ಅಂತೆಲ್ಲ ಹೇಳಿದ್ರಿ... ನಾನು ಹೇಗೆ..."

"ಓಹೋ! ಪಾಪ ಅನ್ನಿಸ್ತು. ಅಲ್ವಾ? ದಯೆ!"

"ಆಮಾ... ಇಲ್ಲ, ಇಲ್ಲೀಂಗ! ದಯೆ ಅಲ್ಲ, ಅದು ಬೇರೆ..."

"ಬೇರೆ ಅಂದ್ರೆ ಏನು?"

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಬೇಕರಿಯವನು ಕೂಡ ಬಾಯಿ ತೆರೆದುಕೊಂಡು ಕಾಯುತ್ತಿದ್ದ.

"ಮೂವತ್ತೊಂದು ತಿರುವು ಇದ್ರೂ ಬಂದೇ ಬಿಡ್ತು ಅಂತೀರಿ. ಯಾವತ್ತಾದ್ರೂ ನಿಜ ಹೇಳಿದೀರಾ ನೀವು?" ಅವಳ ದನಿ ಒಡೆಯಿತು. ತಿರುಗಿ ನೋಡದೆ ನಡೆದುಬಿಟ್ಟಳು.

ಅಂದಿನಿಂದ ಅವಳು ಫೋನ್ ಎತ್ತಲಿಲ್ಲ. ಸಂಘದ ಕೆಲಸಕ್ಕೆ ಇಮೇಲ್ ಮಾತ್ರ, ಅದೂ ಸರ್ಕಾರಿ ಧಾಟಿಯ ಇಂಗ್ಲಿಷಿನಲ್ಲಿ. ಅದರ ತಾತ್ಪರ್ಯ ಹೀಗಿತ್ತು:

'ಮಾನ್ಯ ಕಾರ್ಯದರ್ಶಿಗಳೇ, ತಾವು ಕೆಮ್ಮುತ್ತಿರುವುದಾಗಿ ಸರಣ್ಯಾ ಅವರಿಂದ ತಿಳಿದುಬಂದಿದೆ. ಇದರಲ್ಲಿ ಅಧ್ಯಕ್ಷೆಗೆ ಯಾವುದೇ ಆಸಕ್ತಿ ಇರುವುದಿಲ್ಲ. ಬಿಸಿನೀರು ಕುಡಿಯತಕ್ಕದ್ದು.'

'ಮಾನ್ಯ ಅಧ್ಯಕ್ಷರೇ, ಆದೇಶ ಪಾಲಿಸಲಾಗುತ್ತಿದೆ. ದಿನಕ್ಕೆ ಮೂರು ಸಲ. ದಯವಿಟ್ಟು ಫೋನ್ ಎತ್ತುವುದು.'

'ಫೋನ್ ಎತ್ತುವ ವಿಷಯ ಕಾರ್ಯಸೂಚಿಯಲ್ಲಿ ಇಲ್ಲ.'

ಹತ್ತು ದಿನ ಹೀಗೇ ನಡೆದು, ಕೊನೆಗೆ ಭೂಮಿ ರಾಜೀನಾಮೆ ಬರೆದಳು. ಸಂಘದ ನಿಯಮದ ಪ್ರಕಾರ ಅದನ್ನು ಕಾರ್ಯದರ್ಶಿಯ ಕೈಗೇ ಕೊಡಬೇಕು. ಕಾರ್ಯದರ್ಶಿ ಕೆಮ್ಮಿಗೆ ರಜೆ ಹಾಕಿ ಊರಿನಲ್ಲಿದ್ದ. ಭಾನುವಾರ ಮೇಟ್ಟುಪಾಳಯಂಗೆ ಹೋಗಿ, ಅಲ್ಲಿಂದ ಬಸ್ ಹಿಡಿದು ಅವಳು ಸಿರುಮುಗೈ ತಲುಪಿದಳು.

ಬೀದಿಯುದ್ದಕ್ಕೂ ಮಗ್ಗದ ಸದ್ದು. ಅವನ ಮನೆಯ ಜಗಲಿಯಲ್ಲಿ ಬಿಳಿ ಕೂದಲ ಮುದುಕಿ ರಾಟೆಯ ಮುಂದೆ ಕೂತು ರೇಷ್ಮೆ ನೂಲು ಸುತ್ತುತ್ತಿದ್ದಳು. ಶಿವಲಿಂಗಂನ ಅಜ್ಜಿ ಸೌಡಮ್ಮ. ಆ ಮನೆಯಲ್ಲಿ ಅಜ್ಜಿಗೆ ಅವ್ವ ಎನ್ನುತ್ತಾರೆ.

"ಶಿವಲಿಂಗಂ ಅವರು..."

"ಕೆಮ್ಮಿಗೆ ಮರುಂದು ತರಕ್ಕೆ ಅಂಗಡಿಗೆ ಹೋಗವ್ನೆ, ಬತ್ತಾನೆ." ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ ಕಣ್ಣರಳಿಸಿದಳು. "ನೀನ್ ತಾನೆ ಪ್ರೆಸಿಡೆಂಟು? ಬಾ ಕಣ್ಣು, ಬಾ ನನ್ನ ಬಂಗಾರ, ಕೂತ್ಕೋ. ಸಾಪಾಡು ಆಯ್ತಾ, ಉಂಡ್ಯಾ?"

"ಆಯ್ತು ಅವ್ವಾ... ನಾನು ಅಂತ ಹೇಗೆ ಗೊತ್ತಾಯ್ತು?"

"ಒಂದು ವರ್ಷವಾಗಿ ಈ ಮನೇಲಿ ಬೇರೆ ಮಾತೇ ಇಲ್ಲಮ್ಮಾ! ಭೂಮಿ ಐದು ಅಂದ್ರು, ನಾನು ಮೂರು ಅಂದೆ ಅಂತಾನೆ. ಏನು ಐದು, ಏನು ಮೂರು... ನನಗೆ ಒಂದೂ ಪುರಿಯಾದು. ಆದ್ರೆ ಮುಖ ಮಾತ್ರ ಹೀಗೆ ಬೆಳಗುತ್ತೆ!"

ಭೂಮಿ ತಲೆ ತಗ್ಗಿಸಿದಳು. "ಅವರು ನನ್ನ ಹತ್ತಿರ ಸುಳ್ಳು ಹೇಳಿದ್ರು ಅವ್ವಾ."

"ಸೊನ್ನಾನ್, ಎಲ್ಲ ನನ್ನ ಹತ್ರ ಹೇಳ್ದ. ತಪ್ಪು ತಾನ್. ರೊಂಬ ತಪ್ಪು." ರಾಟೆ ನಿಂತಿತು. "ಅವನ ತಾತಾ ಲಿಂಗಸಾಮಿ ಕೂಡ ಅಪ್ಡೀ ತಾನ್ ಕಣ್ಣು. ಮದುವೆ ಆಗಿ ಬಂದ ಮೊದಲನೇ ದಿನ ನಾನು ರಸ ಮಾಡ್ದೆ. ಭೇಷ್ ಅಂದ್ರು. ನಲವತ್ತು ವರ್ಷ ದಿನಾ ಭೇಷ್ ಅಂದ್ರು. ಕಡೇಲಿ ಆಸ್ಪತ್ರೇಲಿ ಮಲಗಿದ್ದಾಗ ಕೈ ಹಿಡ್ಕೊಂಡು ಹೇಳ್ತಾರೆ, 'ಸೌಡಾ, ನಿನ್ನ ರಸದಲ್ಲಿ ಉಪ್ಪು ಜಾಸ್ತಿ' ಅಂತ!"

"ಅಯ್ಯೋ! ನೀವೇನಂದ್ರಿ?"

"ಬೈದೆ! ಸಾಯೋ ಮನುಷ್ಯನ್ನ ಹಿಡ್ಕೊಂಡು ಬೈದೆ! ಮುನ್ನಾಡೀನೇ, ಆಗ್ಲೇ ಹೇಳಿದ್ರೆ ಒಂದು ಚಿಟಿಕೆ ಕಮ್ಮಿ ಹಾಕ್ತಿದ್ನಲ್ಲ? ನಲವತ್ತು ವರ್ಷ ಸುಮ್ಮಾ ಉಪ್ಪು ತಿಂದ್ರಲ್ಲ ಪಾವಂ!" ಮುದುಕಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ಮನೆ ಗಂಡಸರಿಗೆ ಆಸೆ ಇದ್ದ ಕಡೆ ಬಾಯಿ ಬರಾದು ಕಣ್ಣು. ನೀನು ತಾನ್ ಬೈದು ಬೈದು ಸರಿ ಮಾಡಬೇಕು."

ಆಸೆ ಇದ್ದ ಕಡೆ...! ಭೂಮಿಯ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಶಿವಲಿಂಗಂ ಔಷಧಿ ಸೀಸೆ ಹಿಡಿದು ಬಂದ. ಜಗಲಿಯಲ್ಲಿ ಅವಳನ್ನು ಕಂಡು ಕೆಮ್ಮನ್ನೂ ಮರೆತು ನಿಂತುಬಿಟ್ಟ. ಭೂಮಿ ಲಕೋಟೆ ಚಾಚಿದಳು.

"ರಾಜೀನಾಮೆ."

"ತಗೊಳ್ಳಾದಿಲ್ಲಂಗ," ಎಂದ ಅವನು. ಮೊದಲ ಬಾರಿಗೆ ಅವನ ದನಿ ತಡವರಿಸಲಿಲ್ಲ. "ತಪ್ಪು ಮಾಡಿದ್ದು ನಾನು, ಮುಚ್ಚಿಟ್ಟಿದ್ದೂ ನಾನು. ಶನಿವಾರ ಎಲ್ಲರ ಮುಂದೆ ಹೇಳ್ತೀನಿ. ಮತ್ತೆ ಚುನಾವಣೆ ಮಾಡೋಣ. ಸರಿಯಾಗಿ."

ಭೂಮಿ ಲಕೋಟೆಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

"ಆಗಲಿ. ಆದ್ರೆ ದಯೆಯ ಮತ ನನಗೆ ಒಂದೂ ಬೇಡ. ನೆನಪಿರಲಿ!"

ಶನಿವಾರ ಅವನು ಹೇಳಿದ ಹಾಗೆಯೇ ಮಾಡಿದ. ನಲವತ್ತೊಂದು ಜನರ ಮುಂದೆ ನಿಂತು, ತಾನು ಮಾಡಿದ ಫಾರ್ಮನ್ನು ಗೋಡೆಯ ಮೇಲೆ ತೋರಿಸಿ, ತನ್ನ ತಪ್ಪನ್ನು ಒಂದೊಂದಾಗಿ ಬಿಡಿಸಿ ಹೇಳಿದ. ಸಭೆ ಗೊಳ್ಳೆಂದಿತು. ಯೂಸಬಿಲಿಟಿ ಸಂಘದ ಮತಪತ್ರವನ್ನೇ ಯೂಸ್ ಮಾಡಲು ಬರಲಿಲ್ಲ!

ಭೂಮಿಯೂ ಎದ್ದು ಮಾತಾಡಿದಳು. ಎರಡು ತಿಂಗಳಲ್ಲಿ ಸಂಘ ಮಾಡಿದ ಕೆಲಸ, ಮಾಡಬೇಕಾದ ಕೆಲಸ, ಕನಸು, ಯೋಜನೆ... ಇಪ್ಪತ್ತೈದು ನಿಮಿಷ. "ಇಷ್ಟೆಲ್ಲ ಕೇಳಿದ ಮೇಲೂ ನಾನು ಬೇಡ ಅನ್ನಿಸಿದ್ರೆ, ಧೈರ್ಯವಾಗಿ ಬೇಡ ಅನ್ನಿ," ಎಂದು ಮುಗಿಸಿ ಕುಳಿತಳು.

ಈಗ ಮತ ಹಾಕುವುದು ಹೇಗೆ? ಅದೇ ದೊಡ್ಡ ಸಮಸ್ಯೆಯಾಯಿತು! ಅಲ್ಲಿದ್ದವರೆಲ್ಲ ತಜ್ಞರು. ಚೀಟಿ ಅಂದರು, ಚೀಟಿಯ ಅಕ್ಷರದ ಗಾತ್ರಕ್ಕೆ ಜಗಳವಾಯಿತು. ಎರಡು ಡಬ್ಬಿ ಅಂದರು. ಡಬ್ಬಿಯ ಬಣ್ಣಕ್ಕೆ ಜಗಳವಾಯಿತು. ಮಣಿಕಂಡನ್ ಎಂಬುವರು ಮೊದಲು ಹನ್ನೆರಡು ಜನರ ಮೇಲೆ ಪರೀಕ್ಷೆ ಮಾಡೋಣ ಅಂದರು.

ಒಂದೂವರೆ ಗಂಟೆಯ ಮೇಲೆ ರಾಮಮೂರ್ತಿಗಳು ಮೇಜು ಕುಟ್ಟಿದರು.

"ಸಾಕು! ಎಲ್ಲ ಏಳಿ! ಶಿವಲಿಂಗಂ ಬೇಕಾದವರು ಕಿಟಕಿ ಹತ್ತಿರ, ಭೂಮಿ ಬೇಕಾದವರು ಫ್ಯಾನ್ ಹತ್ತಿರ ಹೋಗಿ ನಿಲ್ಲಿ!"

"ಸಾರ್, ಫ್ಯಾನ್ ಎರಡಿವೆ," ಎಂದಿತು ಒಂದು ದನಿ. "ಸೂಚನೆ ಸ್ಪಷ್ಟವಾಗಿಲ್ಲ."

"ತಿರುಗ್ತಾ ಇರೋ ಫ್ಯಾನ್!"

ಜನ ಎದ್ದರು.

ಭೂಮಿ ಫ್ಯಾನಿನ ಕೆಳಗೆ ನಿಂತು ಕಣ್ಣು ಮುಚ್ಚಿಕೊಂಡಳು. *ಯಾರೂ ಬರದಿದ್ದರೆ? ಖೋಖೋದ ಹಾಗೆ ಒಬ್ಬಳೇ ಉಳಿದರೆ?* ಚಪ್ಪಲಿಗಳ ಸದ್ದು... ಕುರ್ಚಿ ಸರಿದ ಸದ್ದು... ಮೆಲ್ಲಗೆ ಕಣ್ಣು ತೆರೆದಳು. ಅವಳ ಹಿಂದೆ ಹದಿನಾರು ಜನ! ಮೊದಲಿಗೇ ಸರಣ್ಯಾ! ಕಿಟಕಿಯ ಬಳಿ ಶಿವಲಿಂಗಂ ಸೇರಿ ಇಪ್ಪತ್ತೈದು.

ಸೋತಿದ್ದಳು. ಆದರೆ ವಿಚಿತ್ರ... ಎದೆ ಹಗುರವಾಗಿತ್ತು. ಹದಿನಾರು ಜನ, ಬೆಳಕಿನಲ್ಲಿ, ಅವಳ ಮುಖ ನೋಡಿಯೇ ನಡೆದು ಬಂದಿದ್ದರು.

ಆಗಲೇ ಶಿವಲಿಂಗಂ ಕಿಟಕಿ ಬಿಟ್ಟು ನಡೆಯತೊಡಗಿದ. ಇಡೀ ಹಾಲ್ ದಾಟಿ, ಭೂಮಿಯ ಸಾಲಿನ ಕೊನೆಯಲ್ಲಿ ನಿಂತುಕೊಂಡ!

"ಏಯ್, ನೀನು ಅಭ್ಯರ್ಥಿ ಕಣಯ್ಯ!" ಎಂದರು ರಾಮಮೂರ್ತಿಗಳು.

"ನಾನೂ ಮೆಂಬರ್ ತಾನೇಂಗ ಸಾರ್. ನನಗೂ ಒಂದು ಮತ ಇದೆ."

ಭೂಮಿ ಗಿರಕ್ಕನೆ ತಿರುಗಿದಳು. ಕಣ್ಣಲ್ಲಿ ನೀರು, ಬೆಂಕಿ ಎರಡೂ!

"ದಯೆಯ ಮತ ಬೇಡ ಅಂತ ಹೇಳಿದ್ದೆನಲ್ಲ!"

"ದಯೆ ಅಲ್ಲಂಗ." ಅವನು ಸಾಲು ಬಿಟ್ಟು ಅವಳ ಎದುರಿಗೆ ಬಂದ. ಬೆವರುತ್ತಿದ್ದ. "ಆವತ್ತು ಮೊಬೈಲಲ್ಲೂ ನಿಮಗೇ ಹಾಕಿದ್ದೆ."

"...ಗೊತ್ತಾಗಿ ಹಾಕಿದ್ರಾ, ತಪ್ಪಿ ಬಿತ್ತಾ?"

"ಗೊತ್ತಾಗೇ ಹಾಕಿದ್ದು. ಆಗ ಆ ಮೂರು ಮನೆಯವರ ವಿಷಯ ಎಲ್ಲ ನನಗೆ ಗೊತ್ತೇ ಇರಲಿಲ್ಲವಲ್ಲ? ಪಾಪ ಅನ್ನೋದು ಎಲ್ಲಿಂದ ಬರುತ್ತೆ?"

ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು. ಎಲ್ಲರೂ ರಾಮಮೂರ್ತಿಗಳ ಸುತ್ತ ಸೇರಿದರು. "ಏನಂತೆ ಸಾರ್? ಏನು ಹೇಳ್ತಾ ಇದಾರೆ?"

"ಇನ್ನೂ ಪೀಠಿಕೆಯಲ್ಲೇ ಇದಾನೆ, ತಾಳಿ," ಎಂದರು ಅವರು ತಮಿಳಿನಲ್ಲಿ.

"ಹಾಗಾದ್ರೆ ಬೇಕರಿ ಮುಂದೆ 'ಅದು ಬೇರೆ' ಅಂದ್ರಲ್ಲ," ಭೂಮಿಯ ದನಿ ಈಗ ಪಿಸುಮಾತಿನಷ್ಟಾಗಿತ್ತು. "ಏನದು ಬೇರೆ? ಇವತ್ತಾದ್ರೂ ನೇರವಾಗಿ ಹೇಳಿ."

ಶಿವಲಿಂಗಂ ಉಸಿರೆಳೆದುಕೊಂಡ.

"ನಿಮ್ಮ ಮೇಲೆ ನನಗೆ ಆಸೆ ಇದೆಂಗ. ತಪ್ಪಾಗಿ ತಿಳ್ಕೋಬೇಡಿ! ನಮ್ಮ ಮನೆ ಮಾತಲ್ಲಿ ಆಸೆ ಅಂದ್ರೆ... ನಿಮ್ಮ ಊರಲ್ಲಿ ಪ್ರೀತಿ ಅಂತಾರಲ್ಲ... ಅದು. ಜಗಳ ಆಡದ ಶನಿವಾರ ನನಗೆ ಶನಿವಾರ ತರಾನೇ ಇಲ್ಲ. ಈ ಸಂಘ ಬೇಡ, ಪ್ರೆಸಿಡೆಂಟ್ ಬೇಡ... ಇಷ್ಟು ಜನರಲ್ಲಿ ಯಾರು ಬೇಕು ಅಂತ ಕೇಳಿದ್ರೆ ನನಗೆ ನೀವು ತಾನ್ ಬೇಕು."

"ಈಗ ವಿಷಯಕ್ಕೆ ಬಂದ!" ಎಂದು ರಾಮಮೂರ್ತಿಗಳು ಕೂಗಿ, ಗಂಟಲು ಸರಿಪಡಿಸಿಕೊಂಡು ಅಷ್ಟನ್ನೂ ತಮಿಳಿಗೆ ಅನುವಾದಿಸಿದರು. ಶಿಳ್ಳೆ, ಚಪ್ಪಾಳೆ, ಮೇಜು ಬಡಿತ... ಕೆಳಗಿನ ಪಂಪ್‌ಸೆಟ್ ಅಂಗಡಿಯವರು ಏನು ಬಿತ್ತೋ ಎಂದು ಓಡಿ ಬಂದರು!

ಭೂಮಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಇಪ್ಪತ್ತನಾಲ್ಕಕ್ಕೆ ಹದಿನೆಂಟು. ಶಿವಲಿಂಗಂ ಅಧ್ಯಕ್ಷನಾದ. ತೆರವಾದ ಕಾರ್ಯದರ್ಶಿ ಸ್ಥಾನಕ್ಕೆ ಭೂಮಿಯ ಹೆಸರನ್ನು ಮಣಿಕಂಡನ್ ಸೂಚಿಸಿದರು. ಅದಕ್ಕೆ ಮತದಾನ ಬೇಡ, ದಯವಿಟ್ಟು ಬೇಡ ಎಂದು ಸಭೆ ಒಕ್ಕೊರಲಿನಿಂದ ಕೈ ಮುಗಿಯಿತು.

ಎಲ್ಲರೂ ಊಟಕ್ಕೆ ಕುಳಿತಾಗ ಅವರಿಬ್ಬರೇ ಬಾಲ್ಕನಿಗೆ ಬಂದರು. ಕೆಳಗೆ ಅವಿನಾಶಿ ರಸ್ತೆಯ ವಾಹನಗಳ ಸದ್ದು. ದೂರದಲ್ಲಿ ಮಧ್ಯಾಹ್ನದ ಬಿಸಿಲಿಗೆ ಬೆಟ್ಟದ ಸಾಲು ಮಸುಕಾಗಿ ಕಾಣುತ್ತಿತ್ತು.

"ಉತ್ತರ ಹೇಳಲೇ ಇಲ್ಲವಲ್ಲಂಗ?" ಕೊನೆಗೆ ಅವನೇ ಕೇಳಿದ.

ಭೂಮಿ ಮೆಲ್ಲಗೆ ಅವನ ಕಿರುಬೆರಳನ್ನು ಹಿಡಿದುಕೊಂಡಳು.

"ನನಗೂ ಆಸೆ ಇದೆ," ಅಂದಳು. "ನಿಮ್ಮ ಮನೆ ಮಾತಿನದೂ... ನಮ್ಮ ಊರಿಂದೂ."

ಅವನ ಮುಖ ಅರಳಿದ್ದು ನೋಡಿ ಅವಳಿಗೆ ನಗು ಬಂತು.

"ಆದ್ರೆ ಒಂದು ಮಾತು ಕೊಡಬೇಕು. ಇನ್ನು ಮೇಲೆ ನನ್ನ ಹತ್ತಿರ ಏನನ್ನೂ ಮುಚ್ಚಿಡಬಾರದು. ನನಗೆ ಬೇಜಾರಾಗುತ್ತೆ ಅಂತಾನೂ ಮುಚ್ಚಿಡಬಾರದು."

"ಸತ್ಯವಾಗಿ ಮುಚ್ಚಿಡಾದಿಲ್ಲ." ಸ್ವಲ್ಪ ಯೋಚಿಸಿ, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಹಾಗಾದ್ರೆ ಈಗಲೇ ಒಂದು ಹೇಳಿಬಿಡಲಾ?"

"ಏನು?" ಅವಳ ಎದೆ ಡವಗುಟ್ಟಿತು.

"ಇವತ್ತು ನಿಮ್ಮ ಭಾಷಣ ರೊಂಬ ಉದ್ದ ಆಯ್ತುಂಗ."

"ರೀ...!" ಎಂದು ಅವಳು ಅವನ ತೋಳಿಗೆ ಗುದ್ದಿದಳು. "ಅಷ್ಟೊಂದಾ? ಎಲ್ರಿಗೂ ಬೇಜಾರಾಯ್ತಾ?"

"ಎಲ್ಲರ ವಿಷಯ ಗೊತ್ತಿಲ್ಲ," ಎಂದ ಅವನು ಮೆಲ್ಲಗೆ. "ನಾನು ಮಾತ್ರ, ಮುಗಿದುಬಿಟ್ಟರೆ ಏನು ಮಾಡಾದು ಅಂತ ಭಯದಲ್ಲೇ ಕೇಳ್ತಾ ಇದ್ದೆ."